ಹಸು ಸಾಗಿಸುವ ಗಾಡಿಗೆ ದೀಪ: ಎಂಥದ್ದು, ಎಲ್ಲಿ, ಹೇಗೆ?



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಎಷ್ಟೋ ಊರುಗಳಲ್ಲಿ ಈಗ ಟಾಟಾ ಏಸ್ ಅಥವಾ ಪಿಕಪ್ ಗಾಡಿ ಇರುವ ಮನೆಗಳಿವೆ. ಒಮ್ಮೆ ರೇಷ್ಮೆಗೂಡು, ಒಮ್ಮೆ ಮಾವು, ಸುಗ್ಗಿಯಲ್ಲಿ ರಾಗಿ ಹುಲ್ಲು, ನಡುನಡುವೆ ಬೂಸಾ ಮೂಟೆ. ವರ್ಷಕ್ಕೆ ನಾಲ್ಕಾರು ಸಲ ಅದೇ ಗಾಡಿಗೆ ಹಸುವೂ ಹತ್ತುತ್ತದೆ. ಹೊಸ ಗಾಡಿ ಬಂದ ತಿಂಗಳೊಳಗೆ ಮನೆಯ ಹುಡುಗರು ಅದನ್ನು ಅಂಗಡಿಗೆ ಒಯ್ದು ಕ್ಯಾಬಿನ್ ಒಳಗೆ ನೀಲಿ ದೀಪದ ಪಟ್ಟಿ, ತಲೆಯ ಮೇಲೆ ಸ್ಪೀಕರ್ ಕೂರಿಸಿದ ಪೆಟ್ಟಿಗೆ ಹಾಕಿಸಿಕೊಂಡು ಬರುತ್ತಾರೆ. ಹಿಂದೆ, ಹಸು ನಿಲ್ಲುವ ಬಾಡಿಯಲ್ಲಿ ಮಾತ್ರ ಒಂದು ದೀಪವೂ ಇರುವುದಿಲ್ಲ. ರಾತ್ರಿ ಗಾಡಿ ನಿಲ್ಲಿಸಿದಾಗ ಇಳಿದು, ಮೊಬೈಲ್ ಟಾರ್ಚ್ ಹಿಡಿದು ಹಸು ನೋಡಲು ಹಿಂದೆ ಹೋಗುವವರು ಹೆಚ್ಚಾಗಿ ನೀವೇ.

ಪಶುವೈದ್ಯರಿಗೇಕೆ ಗಾಡಿಯ ವೈರಿಂಗ್ ಚಿಂತೆ ಎಂದು ಕೇಳಬಹುದು. ಕತ್ತಲಲ್ಲಿ ಹತ್ತಿಸಿ ಇಳಿಸಿದ ಹಸುವಿನ ಗಾಯ ಕೊನೆಗೆ ಬರುವುದು ನಮ್ಮ ಬಳಿಗೇ: ಹಿಂದಿನ ಡೋರ್ ಸಂದಿಗೆ ಸಿಕ್ಕಿ ಸುಲಿದ ಕಾಲು, ಜಾರಿ ಬಿದ್ದು ಮೇಲೇಳದ ಸೊಂಟ, ಪಕ್ಕದ ಹಸು ತುಳಿದ ಮೊಲೆತೊಟ್ಟು. ತೊಟ್ಟು ಹರಿದ ಹಸುವಿನ ಆ ಕೆಚ್ಚಲಭಾಗ ಮತ್ತೆ ಮೊದಲಿನಂತೆ ಹಾಲು ಕೊಡುವುದು ಕಷ್ಟ. ಇನ್ನೊಂದು ಭಯ ಬೆಂಕಿಯದು. ಹಸು ಇಳಿಸಿದ ಮರುದಿನ ಅದೇ ಗಾಡಿಗೆ ಒಣಹುಲ್ಲು ತುಂಬುತ್ತೇವೆ. ಹೇಗೋ ಎಳೆದು ಕಟ್ಟಿದ ವೈರು ಹುಲ್ಲಿನ ಕೆಳಗೆ ಇದ್ದರೆ ಏನಾಗಬಹುದೆಂದು ನಾನು ಹೇಳಬೇಕಿಲ್ಲ.

ಹಸುವಿನ ಕಣ್ಣು ಬೇರೆ

ಟಾರ್ಚ್ ಬಿಟ್ಟಾಗ ಹಸುವಿನ ಕಣ್ಣು ಹಸಿರಾಗಿ ಹೊಳೆಯುವುದನ್ನು ನೋಡಿದ್ದೀರಿ. ಕಣ್ಣಿನ ಒಳಪರದೆಯ ಹಿಂದೆ ಬೆಳಕನ್ನು ಮರಳಿ ಹಾಯಿಸುವ ಹೊಳಪಿನ ಪದರವೊಂದಿದೆ, ಅದರಿಂದಲೇ ಆ ಹೊಳಪು. ಹೀಗಾಗಿ ನಮಗೆ ಮಬ್ಬೆನಿಸುವ ಬೆಳಕಿನಲ್ಲೂ ಅದಕ್ಕೆ ದಾರಿ ಕಾಣುತ್ತದೆ, ಆದರೆ ನೇರವಾಗಿ ಮುಖಕ್ಕೆ ಬಿಟ್ಟ ಟಾರ್ಚ್ ಅದರ ಕಣ್ಣು ಕುಕ್ಕುತ್ತದೆ. ಬೆಳಕಿನಿಂದ ಕತ್ತಲೆಗೆ ಹೋದಾಗ ಅದರ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು. ನೆಲದ ಮೇಲಿನ ಗಾಢ ನೆರಳು ಅದಕ್ಕೆ ಹಳ್ಳದಂತೆ ಕಾಣುತ್ತದೆ. ಗಾಡಿಯ ಬಾಯಿಗೆ ಬಂದು ಮುಂಗಾಲು ಊರಿ ನಿಂತುಬಿಡುವ ಹಸುವನ್ನು ‘ಮೊಂಡು’ ಎಂದು ಬೈಯುತ್ತೇವೆ. ಅದರ ಕಣ್ಣಿಗೆ ಅಲ್ಲಿರುವುದು ಕತ್ತಲೆಯ ಗುಹೆ.

ದನಗಳನ್ನು ನಡೆಸುವ, ಹತ್ತಿಸುವ ರೀತಿಯನ್ನೇ ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಟೆಂಪಲ್ ಗ್ರಾಂಡಿನ್ ಹೇಳುವುದು ಇದನ್ನೇ: ದನ ಕತ್ತಲೆ ಕಡೆಯಿಂದ ಬೆಳಕಿನ ಕಡೆಗೆ ಸುಲಭವಾಗಿ ನಡೆಯುತ್ತದೆ, ಕಣ್ಣಿಗೆ ಹೊಡೆಯುವ ಬೆಳಕಿನ ಕಡೆಗೆ ನಡೆಯುವುದಿಲ್ಲ. ಆದ್ದರಿಂದ ಹತ್ತಿಸುವಾಗ ಬಾಡಿಯ ಒಳಗೆ ಹೊರಗಿಗಿಂತ ತುಸು ಹೆಚ್ಚು ಬೆಳಕಿರಲಿ. ಇಳಿಸುವಾಗ ಲೆಕ್ಕ ತಿರುವುಮುರುವು. ಮೊದಲು ಕೊಟ್ಟಿಗೆಯ ದೀಪ ಹಾಕಿ, ಆಮೇಲೆ ಗಾಡಿಯ ಹಿಂದಿನ ಡೋರ್ ತೆಗೆಯಿರಿ. ಈ ಒಂದು ಕೆಲಸಕ್ಕೆ ಖರ್ಚೇ ಇಲ್ಲ.

ದೀಪ ಎರಡು ಇರಲಿ. ಒಂದು ಕ್ಯಾಬಿನ್‌ನ ಹಿಂಬದಿಯ ಮೇಲಿನ ಕಂಬಿಗೆ, ಇನ್ನೊಂದು ಹಿಂದಿನ ಮೂಲೆಯ ಕಂಬಿಗೆ. ಎರಡೂ ನೆಲದ ಕಡೆ ಮುಖ ಮಾಡಿರಬೇಕು. ಒಂದೇ ದೀಪವಾದರೆ ಕಂಬಿಗಳ ನೆರಳು ಪಟ್ಟೆಪಟ್ಟೆಯಾಗಿ ನೆಲಕ್ಕೆ ಬೀಳುತ್ತದೆ, ಎದುರುಬದುರು ಇದ್ದರೆ ಒಂದರ ನೆರಳನ್ನು ಇನ್ನೊಂದು ತಿನ್ನುತ್ತದೆ. ಹಾಲುಬಣ್ಣದ ಮುಚ್ಚಳವಿರುವ ದೀಪವನ್ನೇ ಕೇಳಿ. ಹಸುವಿನ ನಾಲಿಗೆಗೆ, ಕೊಂಬಿಗೆ ಎಟುಕದ ಎತ್ತರದಲ್ಲಿ ಹಾಕಿಸಿ. ಹಳ್ಳಿಕಾರ್ ಎತ್ತು ಸಾಗಿಸುವ ಗಾಡಿಯಾದರೆ ಮೇಲೊಂದು ಕಬ್ಬಿಣದ ಜಾಲರಿ ಬೇಕೇ ಬೇಕು.

ನೀಲಿ ಬೆಳಕಿನಲ್ಲಿ ಕಾಣದೆ ಹೋಗುವುದು

ಬಣ್ಣದ ದೀಪದ ವಿಷಯಕ್ಕೆ ಬರೋಣ. ಹುಡುಗರ ಆಸೆಗೆ ಕ್ಯಾಬಿನ್‌ನಲ್ಲಿ ಏನಾದರೂ ಹಾಕಿಕೊಳ್ಳಲಿ, ಹಿಂದೆ ಬಾಡಿಯಲ್ಲಿ ಮಾತ್ರ ಬಿಳಿ ದೀಪವೇ ಇರಲಿ ಎಂದು ನಾನು ಹಟ ಹಿಡಿಯುತ್ತೇನೆ. ಕಾರಣವಿದೆ. ಹಸುವಿನ ಆರೋಗ್ಯವನ್ನು ನಾವು ಓದುವುದೇ ಬಣ್ಣದಿಂದ. ಕೆಳರೆಪ್ಪೆ ಎಳೆದಾಗ ಒಳಗೆ ತಿಳಿಗುಲಾಬಿ ಇದ್ದರೆ ಸರಿ. ಬಿಳಿಚಿದ್ದರೆ ರಕ್ತ ಕಡಿಮೆ. ಹಳದಿಯಾಗಿದ್ದರೆ ಕಾಮಾಲೆ, ಉಣ್ಣೆಯಿಂದ ಹರಡುವ ಥೈಲೇರಿಯಾ, ಬೆಬೀಸಿಯಾ ಜ್ವರಗಳ ಅನುಮಾನ. ಬೆಬೀಸಿಯಾದಲ್ಲಿ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಕೆಂಪು ಬೆಳಕಿನಲ್ಲಿ ರಕ್ತ ಗೊತ್ತೇ ಆಗುವುದಿಲ್ಲ, ಹಳದಿ ಬೆಳಕಿನಲ್ಲಿ ಕಾಮಾಲೆ ಮುಚ್ಚಿಹೋಗುತ್ತದೆ, ನೀಲಿಯಲ್ಲಿ ಎಲ್ಲ ಹಸುವೂ ಸತ್ತ ಹಸುವಿನ ಬಣ್ಣವೇ.

ಕೊಳ್ಳುವಾಗ ಇದು ಇನ್ನೂ ಮುಖ್ಯ. ಕೋಲಾರ, ಚಿಂತಾಮಣಿ ಕಡೆಯಿಂದ ಎಚ್‌ಎಫ್ ಹಸು ತರುವವರಿರಲಿ, ಕೆಂಗಲ್ ಜಾತ್ರೆಯಲ್ಲೋ ಮಾಗಡಿ ರಂಗನಾಥಸ್ವಾಮಿ ಜಾತ್ರೆಯಲ್ಲೋ ವ್ಯಾಪಾರ ಮಾಡುವವರಿರಲಿ, ಮಾತು ಮುಗಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಸಾಲ ಮಾಡಿ ತಂದ ಹಣ ಎಣಿಸುವ ಮೊದಲು ನಿಮ್ಮ ಗಾಡಿಯ ಬಿಳಿ ದೀಪದ ಕೆಳಗೆ ಹಸುವಿನ ರೆಪ್ಪೆ ಎಳೆದು ನೋಡಿ, ನಾಲ್ಕೂ ತೊಟ್ಟಿನಿಂದ ಅಂಗೈಗೆ ಹಾಲು ಕರೆದು ನೋಡಿ. ಗೆಡ್ಡೆ, ನೀರು, ರಕ್ತದ ಎಳೆ ಕಂಡರೆ ಬೆಲೆ ಬೇರೆ, ಬಹಳ ಸಲ ವ್ಯಾಪಾರವೇ ಬೇಡ.

ದಾರಿಯಲ್ಲಿ ಸುಮಾರು ಗಂಟೆಗೊಮ್ಮೆ ನಿಲ್ಲಿಸಿ ನೋಡಬೇಕು. ಎಡಪಕ್ಕೆ ಉಬ್ಬಿ ಗಟ್ಟಿಯಾಗಿದೆಯೇ, ಹಗ್ಗ ಕತ್ತಿಗೆ ಬಿಗಿದಿದೆಯೇ, ಬಿದ್ದಿದ್ದರೆ ಎದೆಯ ಮೇಲೆ ಕೂತಿದೆಯೇ ಇಲ್ಲ ಮಗ್ಗುಲಾಗಿ ಚಾಚಿ ಮಲಗಿದೆಯೇ. ಮಗ್ಗುಲಾಗಿ ಬಿದ್ದ ಹಸುವಿನ ಹೊಟ್ಟೆ ಬೇಗ ಉಬ್ಬುತ್ತದೆ. ತಕ್ಷಣ ಎದೆಯ ಮೇಲೆ ಕೂರಿಸಿ, ಬೆನ್ನಿಗೆ ಒತ್ತು ಕೊಟ್ಟು, ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬರುತ್ತಿದ್ದರೆ ಮುಖ್ಯ ರಸ್ತೆಯಲ್ಲಿ ನಿಲ್ಲಿಸಬೇಡಿ, ಸರ್ವಿಸ್ ರಸ್ತೆಗೆ ಇಳಿದು ನಿಲ್ಲಿಸಿ. ಕನಕಪುರದ ಕಾಡಂಚಿನ ರಸ್ತೆಗಳಲ್ಲಿ ಆನೆ ಭಯ ಇರುವುದರಿಂದ ಊರು ಸಿಗುವವರೆಗೆ ತಡೆದುಕೊಳ್ಳುವುದೇ ಮೇಲು. ಗಾಡಿ ಓಡುವಾಗ ಹಸುವಿನ ಪಕ್ಕ ಬಾಡಿಯಲ್ಲಿ ಯಾರೂ ನಿಲ್ಲಬಾರದು. ಬ್ರೇಕ್ ಹಾಕಿದರೆ ನಾಲ್ಕೈದು ನೂರು ಕಿಲೋ ತೂಕ ನಿಮ್ಮ ಮೇಲೆ ಬರುತ್ತದೆ.

ವೈರಿಂಗ್‌ನಲ್ಲಿ ಬಿಡಬಾರದ ಒಂದು ವಸ್ತು

ಅದು ಫ್ಯೂಸ್. ಸಣ್ಣ ಗಾಡಿಯ ಬ್ಯಾಟರಿ 12 ವೋಲ್ಟ್‌ನದು. ‘ಶಾಕ್ ಹೊಡೆಯಲ್ಲ, ಏನೂ ಆಗಲ್ಲ’ ಎನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ವೈರಿನ ಮೈ ಸವೆದು ಕಬ್ಬಿಣಕ್ಕೆ ತಗುಲಿದರೆ ಬ್ಯಾಟರಿ ಒಮ್ಮೆಗೇ ನೂರಾರು ಆಂಪಿಯರ್ ಹರಿಸಬಲ್ಲದು. ಸಣ್ಣ ವೈರು ಕ್ಷಣಗಳಲ್ಲಿ ಕೆಂಡವಾಗುತ್ತದೆ. ಫ್ಯೂಸ್ ಇದ್ದರೆ ಅದು ಮೊದಲು ಸುಟ್ಟು ದಾರಿ ಕಡಿಯುತ್ತದೆ.

ಲೆಕ್ಕ ಸುಲಭ. 6 ವಾಟ್‌ನ ಎರಡು ಎಲ್‌ಇಡಿ ದೀಪ ಸೇರಿ 12 ವಾಟ್. 12 ವಾಟನ್ನು 12 ವೋಲ್ಟ್‌ನಿಂದ ಭಾಗಿಸಿದರೆ 1 ಆಂಪಿಯರ್. ಇದಕ್ಕೆ 3 ಆಂಪಿಯರ್ ಫ್ಯೂಸ್ ಸಾಕು. ‘ಪದೇಪದೇ ಹೋಗುತ್ತೆ’ ಎಂದು 20 ಆಂಪಿಯರ್ ಹಾಕುವವರಿಗೆ, ಫ್ಯೂಸ್ ಜಾಗದಲ್ಲಿ ಸಿಗರೇಟಿನ ಬೆಳ್ಳಿಕಾಗದ ಸುತ್ತುವವರಿಗೆ ಗಾಡಿ ಕೊಡಲೇಬೇಡಿ. ಫ್ಯೂಸ್ ಪದೇಪದೇ ಹೋಗುತ್ತಿದ್ದರೆ ವೈರಿನಲ್ಲಿ ದೋಷವಿದೆ ಎಂದರ್ಥ. ಫ್ಯೂಸ್ ಇರಬೇಕಾದ ಜಾಗ ಬ್ಯಾಟರಿಯ ಪಕ್ಕ, ಒಂದು ಗೇಣಿನೊಳಗೆ. ದೀಪದ ಹತ್ತಿರ ಇದ್ದರೆ ನಡುವಿನ ಉದ್ದ ವೈರಿಗೆಲ್ಲ ಕಾವಲಿಲ್ಲ.

ಮೇಸ್ತ್ರಿಗೆ ಇನ್ನೂ ಕೆಲವು ಮಾತು ಹೇಳಿ. ವೈರು ತಾಮ್ರದ್ದೇ ಇರಲಿ, 1 ಚದರ ಮಿಲಿಮೀಟರ್ ದಪ್ಪದ್ದು ಸಾಕು. ತಗಡಿನ ತೂತಿನಲ್ಲಿ ಹಾಯುವ ಕಡೆಯೆಲ್ಲ ಗ್ರಾಮೆಟ್ ಎನ್ನುವ ರಬ್ಬರ್ ಬಳೆ ಹಾಕಲಿ, ಬಾಡಿಯ ಉದ್ದಕ್ಕೂ ವೈರು ಪೈಪಿನೊಳಗೆ ಇರಲಿ. ಸಾಮಾನ್ಯವಾಗಿ ಒಂದೇ ವೈರು ಎಳೆದು ಇನ್ನೊಂದು ತುದಿಯನ್ನು ಬಾಡಿಗೇ ಅರ್ತ್ ಮಾಡಿಬಿಡುತ್ತಾರೆ. ಹಸುವಿನ ಗಂಜಳ ಬೀಳುವ ಗಾಡಿಯಲ್ಲಿ ಆ ಜಾಗ ಬೇಗ ತುಕ್ಕು ಹಿಡಿದು ದೀಪ ಮಿಣುಕತೊಡಗುತ್ತದೆ. ಎರಡು ವೈರನ್ನೂ ಬ್ಯಾಟರಿವರೆಗೆ ಎಳೆಸಿ. ದೀಪದ ಮೇಲೆ ಐಪಿ 67 ಎಂದು ಬರೆದಿರಲಿ. ಅಂದರೆ ಧೂಳು ಒಳಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು. ಬಾಡಿ ತೊಳೆಯುವ ನಮಗೆ ಇದು ಬೇಕು. ದೊಡ್ಡ ಲಾರಿಗಳ ಬ್ಯಾಟರಿ 24 ವೋಲ್ಟ್, ಅದಕ್ಕೆ 12ರ ದೀಪ ಹಾಕಿದರೆ ಸುಟ್ಟುಹೋಗುತ್ತದೆ. ಕಂಪನಿಯ ಮೂಲ ವೈರನ್ನು ಕತ್ತರಿಸಿ ಜೋಡಿಸಲು ಬಿಡಬೇಡಿ, ವಾರಂಟಿ ಇನ್ನೂ ಇದ್ದರೆ ಮೊದಲು ಶೋರೂಮಿನಲ್ಲಿ ಕೇಳಿ.

ಸ್ವಿಚ್ ಕ್ಯಾಬಿನ್‌ನಲ್ಲಿ ಇರಲಿ, ಹೊತ್ತಿದೆ ಎಂದು ತೋರಿಸುವ ಸಣ್ಣ ಕೆಂಪು ಚುಕ್ಕಿಯ ಸಮೇತ. ಹಿಂದೆ ಇದ್ದರೆ ನಿಮಗೆ ಅನುಕೂಲ, ಒಪ್ಪುತ್ತೇನೆ, ಆದರೆ ಹುಲ್ಲಿನ ಹೊರೆ ತಗುಲಿ ಅದು ತಾನಾಗಿ ಆನ್ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಎಲ್‌ಇಡಿ ಕೂಡ ಹಿಂಬದಿಯಲ್ಲಿ ಬಿಸಿಯಾಗುತ್ತದೆ. ಹುಲ್ಲು ಒತ್ತಿ ಮುಚ್ಚಿದರೆ ಆ ಬಿಸಿ ಹೊರಹೋಗದು. ಹಳೆಯ ಹ್ಯಾಲೋಜನ್ ಬಲ್ಬ್ ಅಂತೂ ಇದಕ್ಕೆ ಬೇಡವೇ ಬೇಡ. ಹುಲ್ಲು ಹೇರುವ ದಿನ ಫ್ಯೂಸನ್ನೇ ಕಿತ್ತು ಕ್ಯಾಬಿನ್‌ನಲ್ಲಿಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ರಾತ್ರಿಯಿಡೀ ದೀಪ ಉರಿಯಲು ಬಿಟ್ಟರೂ ತೊಂದರೆ: ಹತ್ತು ಗಂಟೆಗೆ 10 ಆಂಪಿಯರ್-ಅವರ್ ಖಾಲಿ. ಹಳೆ ಬ್ಯಾಟರಿಯಾದರೆ ಬೆಳಿಗ್ಗೆ ಗಾಡಿ ತಳ್ಳಬೇಕಾದೀತು.

ಗಾಡಿ ಓಡುವಾಗ ಹಿಂದಿನ ದೀಪದ ಬಿಳಿ ಬೆಳಕು ಹಿಂದೆ ಬರುವವರ ಕಣ್ಣಿಗೆ ಬೀಳಬಾರದು. ಹಿಂಬದಿಗೆ ಕೆಂಪಲ್ಲದ ಬೆಳಕು ತೋರಿಸಬಾರದೆಂದು ಮೋಟಾರು ವಾಹನ ನಿಯಮವೇ ಇದೆ. ರಿವರ್ಸ್ ದೀಪದಂತಹ ಕೆಲವಕ್ಕೆ, ಗಾಡಿಯ ಒಳದೀಪಕ್ಕೆ ವಿನಾಯಿತಿ. ನೆಲಕ್ಕೆ ಮುಖ ಮಾಡಿಸಿ ಎಂದದ್ದಕ್ಕೆ ಇದೂ ಒಂದು ಕಾರಣ. ದೀಪ ಹಾಕಿಸುವ ನೆಪದಲ್ಲಿ ಬಾಡಿ ಎತ್ತರಿಸುವುದು, ಉದ್ದ ಮಾಡುವುದು ಮಾತ್ರ ಆರ್‌ಟಿಒ ಒಪ್ಪಿಗೆ ಇಲ್ಲದೆ ಆಗದು.

ತಲೆಯ ಮೇಲಿನ ಪೆಟ್ಟಿಗೆ

ಕ್ಯಾಬಿನ್‌ನಲ್ಲಿ ಗಾಜಿನ ಮೇಲ್ಭಾಗಕ್ಕೆ ಕೂರಿಸುವ ಪೆಟ್ಟಿಗೆ ನಿಜಕ್ಕೂ ಉಪಯೋಗದ ವಸ್ತು. ಹಸು ಸಾಗಿಸುವಾಗ ಬೇಕಾದ ಕಾಗದಗಳೆಲ್ಲ ಒಂದೇ ಕಡೆ ಸಿಗುತ್ತವೆ. 1978ರ ಪ್ರಾಣಿ ಸಾಗಣೆ ನಿಯಮದ ಪ್ರಕಾರ ಹಸು ಪ್ರಯಾಣಕ್ಕೆ ಯೋಗ್ಯವಾಗಿದೆ, ಅಂಟುರೋಗವಿಲ್ಲ ಎಂಬ ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಬೇಕು. ಅದರ ಜೊತೆ ಖರೀದಿ ಚೀಟಿ, ವಿಮೆ ಕಾಗದ, 12 ಅಂಕಿಯ ಕಿವಿ ಓಲೆಯ ಸಂಖ್ಯೆ ಬರೆದ ಹಾಳೆ ಇಡಿ. ಅದೇ ನಿಯಮ ಇನ್ನೂ ಹೇಳುತ್ತದೆ: ನೆಲಕ್ಕೆ ಜಾರದ ತೆಂಗಿನನಾರಿನ ಚಾಪೆ ಅಥವಾ ಹಲಗೆ, ಜೊತೆಗೊಬ್ಬ ಆಳು, ಹಸುವಿನ ಮುಖ ಎಂಜಿನ್ ಕಡೆ, ಹಸುವಿನ ಜೊತೆ ಬೇರೆ ಸರಕು ಕೂಡದು, ದೊಡ್ಡ ಗಾಡಿಯಲ್ಲೂ ಆರಕ್ಕಿಂತ ಹೆಚ್ಚು ದನ ಕೂಡದು. ಮೋಟಾರು ವಾಹನ ನಿಯಮದಲ್ಲಿ ಒಂದು ಹಸುವಿಗೆ 2 ಚದರ ಮೀಟರ್ ಜಾಗ, ಅಂದರೆ ಸುಮಾರು ಇಪ್ಪತ್ತೊಂದೂವರೆ ಚದರ ಅಡಿ. ನಿಮ್ಮ ಬಾಡಿಯ ಉದ್ದ ಅಗಲ ಗುಣಿಸಿ ನೋಡಿಕೊಳ್ಳಿ. ಚಿಕ್ಕ ಗಾಡಿಗೆ ಒಂದೇ ಹಸು ಬರುತ್ತದೆ.

ಪೆಟ್ಟಿಗೆಯಲ್ಲಿ ಭಾರ ಇಡಬೇಡಿ. ಸ್ಪಾನರ್, ಗಾಜಿನ ಬಾಟಲಿ ಮೇಲಿದ್ದರೆ ಜೋರು ಬ್ರೇಕಿಗೆ ಬೀಳುವುದು ಕೂತವರ ತಲೆ, ಮೊಣಕಾಲಿನ ಮೇಲೆ. ಪೆಟ್ಟಿಗೆಗೆ ಮುಚ್ಚಳ, ಮುಚ್ಚಳಕ್ಕೆ ಬಿಗಿ ಚಿಲಕ ಬೇಕು. ಚಾವಣಿ ತಗಡಿಗೆ ಸ್ಕ್ರೂ ಹೊಡೆಸಿದರೆ ಮಳೆಗಾಲದಲ್ಲಿ ಅಲ್ಲಿಂದಲೇ ಸೋರುತ್ತದೆ, ಒಳಚೌಕಟ್ಟಿಗೆ ಬಿಗಿಸಿ. ಪೆಟ್ಟಿಗೆಯ ಕೆಳಗೆ ಒಂದು ಸಣ್ಣ ಓದುವ ದೀಪ ಸಾಕು, ಅದೂ ಗಾಡಿ ಓಡುವಾಗ ಆರಿರಲಿ. ಒಳಗಿನ ಬೆಳಕು ಗಾಜಿನಲ್ಲಿ ಪ್ರತಿಫಲಿಸಿದರೆ ಹೊರಗಿನ ರಸ್ತೆ ಮಬ್ಬಾಗುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣು ಒಮ್ಮೆ ಬೆಳಕು ನೋಡಿದರೆ ಪೂರ್ತಿ ಮೊದಲಿನಂತಾಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಗಾಜಿನ ಮುಂದೆ ತೂಗಾಡುವ ಚನ್ನಪಟ್ಟಣದ ಗೊಂಬೆಯ ಬಗ್ಗೆ ನನಗೆ ಪ್ರೀತಿಯೇ, ಆದರೆ ಅದನ್ನು ಪಕ್ಕಕ್ಕೆ ಕಟ್ಟಿ.

ಔಷಧಿಯನ್ನು ಮಾತ್ರ ಆ ಪೆಟ್ಟಿಗೆಯಲ್ಲಿ ಇಡಲೇಬಾರದು. ಬಿಸಿಲಿಗೆ ನಿಂತ ಗಾಡಿಯಲ್ಲಿ ಅತಿ ಹೆಚ್ಚು ಕಾಯುವ ಜಾಗ ಚಾವಣಿಯ ಕೆಳಗೇ. ಲಸಿಕೆ, ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕಾದವು. ಕೆಚ್ಚಲಿಗೆ ಹಾಕುವ ಟ್ಯೂಬ್ ಕೂಡ ಕಾದರೆ ಸತ್ವ ಕಳೆದುಕೊಳ್ಳುತ್ತದೆ. ಹತ್ತಿ, ಬ್ಯಾಂಡೇಜು, ಅಯೋಡಿನ್, ಒಂದು ಗಟ್ಟಿ ಹಗ್ಗ, ಹಗ್ಗ ಕತ್ತರಿಸಲು ಚೂಪಾದ ಚಾಕು, ಇಷ್ಟನ್ನು ಸೀಟಿನ ಕೆಳಗೆ ಡಬ್ಬಿಯಲ್ಲಿಡಿ.

ಹೊರಡುವ ಹಿಂದಿನ ಸಂಜೆ ಎರಡು ದೀಪವನ್ನೂ ಹಚ್ಚಿ ನೋಡಿ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಇಲಿ ವೈರು ಕಡಿದಿರುತ್ತದೆ, ಹುಲ್ಲು ಬೂಸಾ ಹೇರುವ ಗಾಡಿಯನ್ನಂತೂ ಅದು ಬಿಡುವುದೇ ಇಲ್ಲ. ಕಡಿದ ಕಡೆ ಟೇಪು ಸುತ್ತಿ ಬಿಡಬೇಡಿ, ಆ ತುಂಡನ್ನೇ ಬದಲಾಯಿಸಿ. ಎರಡು ಬಿಡಿ ಫ್ಯೂಸನ್ನು ಕಾಗದಗಳ ಜೊತೆ ಮೇಲಿನ ಪೆಟ್ಟಿಗೆಯಲ್ಲೇ ಇಟ್ಟಿರಿ, ಅವುಗಳಿಗೆ ಭಾರವೂ ಇಲ್ಲ, ಬಿಸಿಲಿನ ಭಯವೂ ಇಲ್ಲ.