ಸಂಘದ ಲಾಂಛನ ಕಂಪ್ಯೂಟರಿನೊಳಗೆ ಎಲ್ಲಿದೆ?

ಯುವಕ ಸಂಘ, ಮಹಿಳಾ ಮಂಡಳಿ, ಹವ್ಯಾಸಿ ನಾಟಕ ತಂಡ, ಹಳೆ ವಿದ್ಯಾರ್ಥಿಗಳ ಬಳಗ. ಇಂಥ ಸಣ್ಣ ಸಂಸ್ಥೆಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಕಚೇರಿ ಇರುವುದಿಲ್ಲ. ಕಾರ್ಯದರ್ಶಿಯ ಮನೆಯ ಕಂಪ್ಯೂಟರೇ ಕಚೇರಿ. ಸದಸ್ಯರ ಪಟ್ಟಿ, ಜಮಾಖರ್ಚು, ಹಳೆಯ ಆಮಂತ್ರಣ ಪತ್ರಿಕೆಗಳು, ಸಂಘದ ಲೋಗೋ, ಎಲ್ಲವೂ ಅದರಲ್ಲೇ. ವಾರ್ಷಿಕೋತ್ಸವ ಹತ್ತಿರ ಬಂದಾಗ ಫ್ಲೆಕ್ಸ್ ಅಂಗಡಿಯಿಂದ ಫೋನ್ ಬರುತ್ತದೆ: "ಸರ್, ನೀವು ವಾಟ್ಸಾಪ್‌ನಲ್ಲಿ ಕಳ್ಸಿದ ಲೋಗೋ ಪಿಕ್ಸೆಲ್ ಒಡೀತಿದೆ. ಸಿಡಿಆರ್ ಫೈಲ್ ಇದ್ರೆ ಕಳ್ಸಿ."

ಒಡೆಯುವುದು ಅಂದರೆ ಏನು? ಫೋಟೋ ರೂಪದಲ್ಲಿರುವ ಲೋಗೋ ಕಂಪ್ಯೂಟರಿಗೆ ಬರೀ ಚುಕ್ಕಿಗಳ ಲೆಕ್ಕ. ಇಂಥ ಸಾಲಿನ ಇಂಥ ಚುಕ್ಕಿಗೆ ಇಂಥ ಬಣ್ಣ, ಅಷ್ಟೇ ಅದಕ್ಕೆ ಗೊತ್ತು. ವಿಸಿಟಿಂಗ್ ಕಾರ್ಡಿಗೆಂದು ಒಂದು ಇಂಚು ಅಗಲದ ಲೋಗೋ ಮಾಡಿಸಿದ್ದೀರಿ ಅಂದುಕೊಳ್ಳಿ. ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಬೇಕು ಅನ್ನುವುದು ರೂಢಿ. ಕಾರ್ಡಿನ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ಅದನ್ನೇ ಬ್ಯಾನರಿನಲ್ಲಿ ನಾಲ್ಕು ಅಡಿಗೆ ಹಿಗ್ಗಿಸಿದರೆ ಹೊಸ ಚುಕ್ಕಿಗಳು ಹುಟ್ಟುವುದಿಲ್ಲ. ಇರುವ 300 ಚುಕ್ಕಿಗಳೇ 48 ಇಂಚಿಗೆ ಹರಡಬೇಕು. ಒಂದೊಂದು ಚುಕ್ಕಿಯೂ ಸುಮಾರು ನಾಲ್ಕು ಮಿಲಿಮೀಟರಿನ ಚೌಕವಾಗುತ್ತದೆ. ದೀಪದ ಕುಡಿಯ ಬಾಗು ಮೆಟ್ಟಿಲು ಮೆಟ್ಟಿಲಾಗುತ್ತದೆ.

ಇದರ ಜೊತೆಗೆ ಇನ್ನೊಂದು ಹಾನಿಯೂ ಆಗಿರುತ್ತದೆ. ಫೋಟೋಗಳನ್ನು ಸಾಮಾನ್ಯವಾಗಿ ಉಳಿಸುವ, 1992ರಲ್ಲಿ ರೂಪುಗೊಂಡ ಜೆಪೆಗ್ ವಿಧಾನ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಗಳ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದೊಳಗಿನ ಅತಿ ಸೂಕ್ಷ್ಮ ಏರಿಳಿತಗಳಲ್ಲಿ ಕಣ್ಣಿಗೆ ತಿಳಿಯದಷ್ಟನ್ನು ಬಿಟ್ಟು ಕಡತವನ್ನು ಸಣ್ಣದು ಮಾಡುತ್ತದೆ. ಮುಖ, ಮೋಡ, ಹೊಲಗಳ ಫೋಟೋಗಳಿಗೆ ಇದು ಅದ್ಭುತವಾದ ಉಪಾಯ. ಅಕ್ಷರಕ್ಕೆ ಮಾತ್ರ ಒಗ್ಗುವುದಿಲ್ಲ. ಅಕ್ಷರದ ಅಂಚು ಚೂಪಾಗಿ ಕಾಣಲು ಬೇಕಾದದ್ದು ಆ ಸೂಕ್ಷ್ಮ ಏರಿಳಿತವೇ. ವಾಟ್ಸಾಪ್‌ನಲ್ಲಿ ಕೈ ಬದಲಾಯಿಸುತ್ತ ಬಂದ ಲೋಗೋವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ. ಕೆಂಪು ಅಕ್ಷರದ ಸುತ್ತ, ಬಿಳಿ ಇರಬೇಕಾದ ಕಡೆ, ಮಸುಕು ಮಸುಕಾದ ಕೊಳೆ ಮೆತ್ತಿಕೊಂಡಿರುತ್ತದೆ. ಫೋಟೋ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದ ಹಾಗೆ ತಲುಪಿಸುತ್ತದೆ. ಇಷ್ಟು ತಿಳಿದಿದ್ದರೆ ಅರ್ಧ ತಾಪತ್ರಯ ಕಡಿಮೆ.

ಫ್ಲೆಕ್ಸ್ ಅಂಗಡಿಯವರು ಕೇಳಿದ ಸಿಡಿಆರ್ ಬೇರೆ ಜಾತಿಯದು. ಅದು ಕೋರಲ್ ಡ್ರಾ ತಂತ್ರಾಂಶದ ಕಡತ. ಅದರಲ್ಲಿರುವುದು ಚುಕ್ಕಿಗಳಲ್ಲ, ರೇಖೆಗಳ ಗಣಿತ. ಎರಡು ಬಿಂದುಗಳ ನಡುವೆ ಗೆರೆ ಎಳೆ, ಪಕ್ಕದ ಇನ್ನೆರಡು ಬಿಂದುಗಳಲ್ಲಿ ಇದು ಇಷ್ಟು, ಅದು ಅಷ್ಟು ಆ ಗೆರೆಯನ್ನು ತಮ್ಮ ಕಡೆಗೆ ಬಾಗಿಸಲಿ ಎಂಬ ಸೂಚನೆ. ಈ ಗಣಿತ ಹುಟ್ಟಿದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. ಸಿತ್ರೊಯನ್ ಕಂಪನಿಯ ಪಾಲ್ ದ ಕಾಸ್ತೆಲ್ಜೊ 1959ರ ಹೊತ್ತಿಗೆ ಇದನ್ನು ರೂಪಿಸಿದ್ದರೂ ಕಂಪನಿ ಅದನ್ನು ಗುಟ್ಟಾಗಿ ಇಟ್ಟುಕೊಂಡಿತು. ಕಾರಿನ ಮೈಯ ಬಾಗುಗಳಿಗೆಂದು ಅದೇ ಬಗೆಯ ವಕ್ರರೇಖೆಗಳನ್ನು 1960ರ ದಶಕದಲ್ಲಿ ಪ್ರಚುರಪಡಿಸಿದವರು ರೆನೋ ಕಂಪನಿಯ ಪಿಯರ್ ಬೆಜಿಯೆ. ಹಾಗಾಗಿ ಅವರ ಹೆಸರೇ ನಿಂತಿತು. ನಾಲ್ಕು ಅಡಿಗೆ ಹಿಗ್ಗಿಸಿದಾಗ ಕಂಪ್ಯೂಟರು ಗೆರೆಯನ್ನು ಹೊಸದಾಗಿ ಲೆಕ್ಕ ಹಾಕಿ ಎಳೆಯುತ್ತದೆ. ಒಡೆಯುವ ಮಾತೇ ಇಲ್ಲ. ಲೋಗೋ ಮಾಡಿಸುವಾಗ ಹಣ ಕೊಟ್ಟು ಪಡೆಯಬೇಕಾದದ್ದು ಈ ಮೂಲ ಕಡತವನ್ನು. ಸಿಡಿಆರ್ ಜೊತೆಗೆ ಎಸ್‌ವಿಜಿ ಮತ್ತು ಪಿಡಿಎಫ್ ರೂಪಗಳನ್ನೂ ಕೇಳಿ. ಎಸ್‌ವಿಜಿಯನ್ನು ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲೂ ತೆರೆಯಬಹುದು.

ಕನ್ನಡದವರಿಗೆ ಇಲ್ಲೊಂದು ವಿಶೇಷ ಎಚ್ಚರ ಬೇಕು. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳು ಇನ್ನೂ ಬಳಕೆಯಲ್ಲಿವೆ. ಇವು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರವನ್ನು ಕೂರಿಸುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಸಂಘದ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಗಜಿಬಿಜಿ. ಅದಕ್ಕೇ ಕೆಲಸ ಬಲ್ಲ ಡಿಟಿಪಿಯವರು ಕೊನೆಗೊಮ್ಮೆ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರಗಳನ್ನು 'ಕರ್ವ್' ಮಾಡುತ್ತಾರೆ. ಆಮೇಲೆ ಅವು ಫಾಂಟಿನ ಹಂಗಿಲ್ಲದ ಬರೀ ರೇಖೆಗಳು. ಲೋಗೋ ಪಡೆಯುವಾಗ "ಕರ್ವ್ ಮಾಡಿ ಕೊಡಿ" ಅನ್ನಿ.

ಇನ್ನು ವಿನ್ಯಾಸ. ನಮ್ಮ ಸಂಘಗಳ ಲೋಗೋಗಳಲ್ಲಿ ಒಂದು ವೃತ್ತ, ಒಳಗೆ ದೀಪ, ಪುಸ್ತಕ, ಕರ್ನಾಟಕದ ನಕ್ಷೆ, ಸುತ್ತ ಹೆಸರು, ಕೆಳಗೆ ಧ್ಯೇಯವಾಕ್ಯ, ಸ್ಥಾಪನೆಯ ವರ್ಷ, ನೋಂದಣಿ ಸಂಖ್ಯೆ ಎಲ್ಲವೂ ತುಂಬಿರುತ್ತವೆ. ಅದರ ಹಿಂದಿನ ಅಭಿಮಾನ ನನಗೆ ಅರ್ಥವಾಗುತ್ತದೆ. ಆದರೆ ರಬ್ಬರ್ ಸ್ಟಾಂಪಿಗೆ ಇಳಿಸಿದಾಗ ಅಕ್ಷರದ ಎತ್ತರ ಮೂರು ಮಿಲಿಮೀಟರ್ ಆದರೆ ಅದರಡಿಯ ಒತ್ತಕ್ಷರ ಅದರ ಅರ್ಧವೂ ಇರುವುದಿಲ್ಲ. 'ಸಾಂಸ್ಕೃತಿಕ' ಎಂಬಲ್ಲಿ ಸಕಾರದ ಕೆಳಗಿನ ಒತ್ತಿನಲ್ಲಿ ಶಾಯಿ ತುಂಬಿಕೊಂಡು ಅದು ಕಪ್ಪು ಬೊಟ್ಟಾಗುತ್ತದೆ. ಹೆಸರು ವೃತ್ತದ ಮೇಲ್ಭಾಗದಲ್ಲಿದ್ದರೆ ಒತ್ತುಗಳು ಒಳಗಿನ ಗೆರೆಗೆ ತಾಗುತ್ತವೆ. ನೋಂದಣಿ ಸಂಖ್ಯೆ ಲೆಟರ್‌ಹೆಡ್‌ನಲ್ಲಿ ಇದ್ದರೆ ಸಾಕು. ಅಶೋಕ ಸ್ತಂಭದ ಸಿಂಹಗಳನ್ನಾಗಲಿ, ರಾಜ್ಯ ಸರ್ಕಾರದ ಲಾಂಛನವನ್ನಾಗಲಿ ಬಳಸಲೇಬೇಡಿ. ಅದನ್ನು ತಡೆಯಲು 1950 ಮತ್ತು 2005ರ ಕೇಂದ್ರ ಕಾಯ್ದೆಗಳಿವೆ.

ಸರಳ ಲಾಂಛನಕ್ಕೊಂದು ಉದಾಹರಣೆ ನೋಡಿ. ವಿಶ್ವ ವನ್ಯಜೀವಿ ನಿಧಿ 1961ರಲ್ಲಿ ಶುರುವಾದಾಗ ಅದರ ಸ್ಥಾಪಕರಲ್ಲೊಬ್ಬರಾದ ಪೀಟರ್ ಸ್ಕಾಟ್ ಪಾಂಡಾದ ಲಾಂಛನ ಬಿಡಿಸಿದರು. ಆ ಪ್ರಾಣಿಯನ್ನು ಆಯ್ದುಕೊಳ್ಳಲು ಒಂದು ಕಾರಣ ಅದು ಕಪ್ಪು ಬಿಳುಪಿನದು ಎಂಬುದು. ಬಣ್ಣದ ಮುದ್ರಣದ ಖರ್ಚು ಉಳಿಯುತ್ತಿತ್ತು. ನಮ್ಮ ಚುನಾವಣಾ ಚಿಹ್ನೆಗಳೂ ಕಪ್ಪು ಗೆರೆಯ ಚಿತ್ರಗಳೇ, ಓದು ಬಾರದ ಮತದಾರರೂ ಗುರುತಿಸುವಂಥವು. ನಿಮ್ಮ ಲೋಗೋವನ್ನು ಒಂದೂವರೆ ಸೆಂಟಿಮೀಟರಿಗೆ ಇಳಿಸಿ, ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸಿನ ಜೆರಾಕ್ಸ್ ಮಾಡಿಸಿ. ಆಗಲೂ ಗುರುತು ಸಿಕ್ಕರೆ ಅದು ಒಳ್ಳೆಯ ಲೋಗೋ.

ಸರಿ, ಮೂಲ ಕಡತ ಎಲ್ಲಿದೆ? ಹಿಂದಿನ ಕಾರ್ಯದರ್ಶಿಯ ಮನೆಯ ಹಳೆಯ ಕಂಪ್ಯೂಟರಿನಲ್ಲಿ. ಅದು ಈಗ ಆನ್ ಆಗಿ ಹತ್ತು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ವೈರಸ್ ಇರಬೇಕು ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಹೆಚ್ಚಾಗಿ ಕಾರಣ ಧೂಳು.

ಸಾಮಾನ್ಯ ಡೆಸ್ಕ್‌ಟಾಪಿನ ಪ್ರೊಸೆಸರ್ ಪೂರ್ತಿ ದುಡಿಯುವಾಗ 65 ವ್ಯಾಟ್‌ನಷ್ಟು ವಿದ್ಯುತ್ತನ್ನು ಶಾಖವಾಗಿಸುತ್ತದೆ, ಅದೂ ಅಂಚೆಚೀಟಿಯಷ್ಟು ಜಾಗದಲ್ಲಿ. ಆ ಶಾಖ ಮೇಲಿನ ಅಲ್ಯೂಮಿನಿಯಂ ಪಟ್ಟಿಗಳಿಗೆ ಹರಿದು, ಅಲ್ಲಿಂದ ಫ್ಯಾನಿನ ಗಾಳಿಗೆ ಹೋಗಬೇಕು. ಕ್ಯಾಬಿನೆಟ್ ತೆರೆದು ಮೇಲಿನಿಂದ ನೋಡಿದರೆ ಫ್ಯಾನ್ ಶುಚಿಯಾಗಿಯೇ ಕಾಣಬಹುದು. ಅದನ್ನು ಬಿಚ್ಚಿ ಎತ್ತಿದಾಗಲೇ ಗೊತ್ತಾಗುವುದು, ಪಟ್ಟಿಗಳ ಬಾಯಿಗೆ ಧೂಳು ಕಂಬಳಿಯಂತೆ ಹೆಣೆದುಕೊಂಡು ಕೂತಿರುತ್ತದೆ. ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಒಳಹೋಗದು. ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಪ್ರೊಸೆಸರ್ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಆಗ ನಮಗೆ "ಸಿಸ್ಟಂ ಸ್ಲೋ". ಅದೂ ಸಾಲದಿದ್ದರೆ ಸುಟ್ಟುಹೋಗುವ ಬದಲು ಆಫ್ ಆಗುತ್ತದೆ. ವೈರನ್ನು ಗೋಡೆಯಿಂದ ಕಿತ್ತು, ಮೆತ್ತನೆಯ ಒಣ ಬ್ರಷ್ಷಿನಿಂದ ಆ ಪದರವನ್ನು ಎಬ್ಬಿಸಿ. ಬ್ಲೋವರ್ ಬಳಸುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಆನ್ ಆದರೂ ದಿನಾಂಕ ಹತ್ತು ವರ್ಷ ಹಿಂದಕ್ಕೆ ಹೋಗಿದೆಯೇ? ಯಾವ ವೆಬ್‌ಸೈಟೂ ತೆರೆಯದೆ ಸುರಕ್ಷಿತವಲ್ಲ ಎನ್ನುತ್ತಿದೆಯೇ? ಮದರ್‌ಬೋರ್ಡಿನ ಮೇಲಿರುವ, ಸಿಆರ್ 2032 ಎಂದು ಬರೆದ ಮೂರು ವೋಲ್ಟಿನ ಬಟನ್ ಸೆಲ್ ಮುಗಿದಿದೆ. ಕಂಪ್ಯೂಟರ್ ಆಫ್ ಇದ್ದಾಗಲೂ ಗಡಿಯಾರ ನಡೆಸುವುದು ಅದೇ. ವೆಬ್‌ಸೈಟುಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಅವಧಿ ಇನ್ನೂ ಶುರುವೇ ಆಗಿಲ್ಲ, ಹಾಗಾಗಿ ನಂಬುವುದಿಲ್ಲ. ಸೆಲ್ ಬದಲಿಸಿ, ದಿನಾಂಕ ಸರಿಮಾಡಿದರೆ ಮುಗಿಯಿತು.

ಭಯಪಡಬೇಕಾದ ಭಾಗ ಹಾರ್ಡ್ ಡಿಸ್ಕ್. ಒಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಓದುವ ಮೊನೆ ತಟ್ಟೆಗೆ ತಾಗದೆ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ನಮ್ಮ ತಲೆಕೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ನಡೆಯುತ್ತಿರುವಾಗ ಕ್ಯಾಬಿನೆಟ್ಟಿಗೆ ಕಾಲು ತಗುಲಿದರೂ ಅಪಾಯವೇ. ಒಳಗಿನಿಂದ ಟಕ್ ಟಕ್ ಸದ್ದು ಬಂದರೆ ಬೇರೆಲ್ಲ ಬಿಟ್ಟು ಮುಖ್ಯ ಕಡತಗಳನ್ನು ನಕಲು ಮಾಡಿ, ಆಫ್ ಮಾಡಿ. ಇದರ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಕಂಪ್ಯೂಟರಿಗೂ ಜೀವ ಬರುತ್ತದೆ. ಇಂಥ ಕಂಪ್ಯೂಟರಿಗೆ ಖರ್ಚು ಮಾಡಬಹುದಾದ ಅತ್ಯಂತ ಸಾರ್ಥಕ ಹಣ ಅದು ಎಂಬುದು ನನ್ನ ಖಚಿತ ಅಭಿಪ್ರಾಯ. ತಿರುಗುವ ಭಾಗಗಳಿಲ್ಲದ ಕಾರಣ ಡಿಸ್ಕಿಗೆ ಹತ್ತು ಮಿಲಿಸೆಕೆಂಡ್ ಹಿಡಿಯುವ ಹುಡುಕಾಟ ಇದಕ್ಕೆ ಅದರ ನೂರನೇ ಒಂದು ಪಾಲಿನಲ್ಲಿ ಮುಗಿಯುತ್ತದೆ. ಆದರೆ ಎಸ್‌ಎಸ್‌ಡಿ ಕೆಡುವಾಗ ಸದ್ದೂ ಮಾಡುವುದಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದ್ದರೆ ಇನ್ನೊಂದು ಮಾತು: ಅದಕ್ಕೆ ಎಂದಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಸಂಘದ ಬ್ಯಾಂಕ್ ವ್ಯವಹಾರ ಅದರಲ್ಲೇ ನಡೆಯುತ್ತಿದ್ದರೆ ಅದನ್ನೂ ಗಮನಿಸಿ.

ಸದಸ್ಯರ ಪಟ್ಟಿ, ಲೆಕ್ಕಪತ್ರ, ಲೋಗೋದ ಮೂಲ ಕಡತ ಇವುಗಳಿಗೆ ಒಟ್ಟು ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಮನೆಯಿಂದಾಚೆ, ಅಂದರೆ ಸಂಘದ ಹೆಸರಿನ ಇಮೇಲ್ ಖಾತೆಗೆ ಸೇರಿದ ಕ್ಲೌಡ್‌ನಲ್ಲಿ ಒಂದು. ಆ ಖಾತೆಗೆ ಒಬ್ಬರ ಖಾಸಗಿ ಫೋನ್ ನಂಬರ್ ಮಾತ್ರ ಕೊಟ್ಟಿದ್ದರೆ ಅವರು ಊರು ಬಿಟ್ಟ ದಿನ ಖಾತೆಯೂ ಕೈತಪ್ಪುತ್ತದೆ. ಇಬ್ಬರು ಪದಾಧಿಕಾರಿಗಳ ನಂಬರ್ ಇರಲಿ. ವಾರ್ಷಿಕ ಮಹಾಸಭೆಯ ನಂತರ ಹೊಸಬರಿಗೆ ನಡಾವಳಿ ಪುಸ್ತಕ, ಚೆಕ್ ಪುಸ್ತಕ, ಸೀಲು ಒಪ್ಪಿಸುತ್ತೇವಲ್ಲ, ಆ ಪಟ್ಟಿಯಲ್ಲಿ ಹೊರಗಿನ ಡಿಸ್ಕನ್ನೂ ಖಾತೆಯ ಪಾಸ್‌ವರ್ಡನ್ನೂ ಬರೆಯಿರಿ. ಕೊಡುವವರೂ ಪಡೆಯುವವರೂ ಒಟ್ಟಿಗೆ ಕುಳಿತು ಲೋಗೋದ ಕಡತವನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಹೆಸರಿನ ಒತ್ತಕ್ಷರಗಳು ಸರಿಯಾಗಿ ಮೂಡಿವೆಯೇ ನೋಡಿಕೊಂಡು, ಆಮೇಲೆ ಸಹಿ ಹಾಕಲಿ.