ಮೂತ್ರಪಿಂಡದ ದೀರ್ಘ ವ್ಯಾಧಿ ಮತ್ತು ಮಿದುಳಿನ ಆರೋಗ್ಯ

ಗಂಡನಿಗಾಗಲಿ ಹೆಂಡತಿಗಾಗಲಿ ಮೂತ್ರಪಿಂಡಗಳು ಸೋತಿವೆ ಎಂದು ವೈದ್ಯರು ತಿಳಿಸಿದ ಮೇಲೆ ಮನೆಮಂದಿಯ ಗಮನವೆಲ್ಲ ಕಾಲಿನ ಬಾವು, ಮುಖದ ಊತ, ಮೂತ್ರದ ಪ್ರಮಾಣ, ಊಟದ ಪಥ್ಯ ಇವುಗಳ ಕಡೆಗೇ ಹರಿಯುತ್ತದೆ. ಅದು ಸಹಜವೇ. ಆದರೆ ಕೆಲಕಾಲ ಕಳೆದ ಮೇಲೆ ಬೇರೊಂದು ಬದಲಾವಣೆಯೂ ಕಾಣಿಸಿಕೊಳ್ಳುವುದುಂಟು. ಸಂತೆಯಲ್ಲಿ ಬಾಯಿಲೆಕ್ಕದಲ್ಲೇ ವ್ಯವಹಾರ ಮುಗಿಸುತ್ತಿದ್ದವರು ಚಿಲ್ಲರೆ ಎಣಿಸಲು ತಡವರಿಸುತ್ತಾರೆ. ಬೆಳಗಿನ ಮಾತ್ರೆಯನ್ನು ನುಂಗಿದೆನೋ ಇಲ್ಲವೋ ಎಂದು ಸಂಶಯಪಟ್ಟು ಮತ್ತೊಮ್ಮೆ ನುಂಗುತ್ತಾರೆ. ಗದ್ದೆಗೆ ನೀರು ಬಿಟ್ಟು ಬಂದು ಮರೆಯುತ್ತಾರೆ. ಕೇಳಿದ ಮಾತಿಗೆ ಉತ್ತರ ಕೊಡಲು ಹೊತ್ತು ಹಿಡಿಯುತ್ತದೆ.

ಇದನ್ನು ಕಂಡವರು ಕಾಯಿಲೆಯ ನೆಪದ ಸೋಮಾರಿತನವೆನ್ನುತ್ತಾರೆ, ಇಲ್ಲವೇ ವಯಸ್ಸಿನ ಅರಳುಮರಳು ಎನ್ನುತ್ತಾರೆ. ದೃಷ್ಟಿ ತಾಗಿದೆಯೆಂದು ತಾಯಿತ ಕಟ್ಟಿಸುವವರೂ ಉಂಟು. ಇಂಥ ತೀರ್ಮಾನಕ್ಕೆ ನೀವು ಅವಸರದಿಂದ ಬರಕೂಡದು. ಬಹಳ ಮಂದಿಯಲ್ಲಿ ಈ ಮಂಕು ಮೂತ್ರಪಿಂಡದ ವ್ಯಾಧಿಯ ಇನ್ನೊಂದು ಮುಖವೇ ಆಗಿರುತ್ತದೆ. ಅದರಲ್ಲಿ ಒಂದು ಪಾಲನ್ನು ಸರಿಪಡಿಸಲು ಸಾಧ್ಯವಿದೆ ಎಂಬುದೇ ಇಲ್ಲಿ ಮುಖ್ಯವಾಗಿ ತಿಳಿಯಬೇಕಾದ ಸಂಗತಿ.

ಬೆನ್ನಿನ ಕೆಳಭಾಗದ ಎರಡು ಬದಿಯಲ್ಲಿರುವ ಅವರೆ ಬೀಜದ ಆಕಾರದ ಅಂಗಗಳೇ ಮೂತ್ರಪಿಂಡಗಳು. ಇವನ್ನು ಮೂತ್ರಜನಕಾಂಗಗಳೆಂದೂ ಕಿಡ್ನಿ ಎಂದೂ ಕರೆಯುತ್ತಾರೆ. ಒಂದೊಂದರ ತೂಕ ಸುಮಾರು 150 ಗ್ರಾಂ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳಿವೆ. ಹೃದಯವು ಹೊರದೂಡುವ ರಕ್ತದಲ್ಲಿ ನೂರಕ್ಕೆ ಸುಮಾರು 20 ಪಾಲು ಈ ಎರಡು ಸಣ್ಣ ಅಂಗಗಳಿಗೆ ಹೋಗುತ್ತದೆ. ಮಿದುಳಿನ ಸ್ಥಿತಿಯೂ ಹೆಚ್ಚುಕಡಿಮೆ ಇಂಥದೇ. ದೇಹದ ತೂಕದಲ್ಲಿ ಅದು ನೂರಕ್ಕೆ 2 ಪಾಲು ಮಾತ್ರ; ಆದರೆ ರಕ್ತದಲ್ಲಿ ಅದರ ಪಾಲು 15ರಿಂದ 20. ನಾಲೆಯ ತೂಬಿಗೆ ಅತಿ ಸಮೀಪದಲ್ಲಿರುವ ಗದ್ದೆಗಳಿಗೆ ನೀರು ಧಾರಾಳವಾಗಿ ದೊರೆಯುತ್ತದೆ. ನಾಲೆ ಉಕ್ಕಿದಾಗ ಬದು ಮೊದಲು ಒಡೆಯುವುದೂ ಅಲ್ಲಿಯೇ. ಹಾಗೆಯೇ ರಕ್ತದೊತ್ತಡ ಏರಿದಾಗ ಮತ್ತು ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ ಈ ಎರಡು ಅಂಗಗಳ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಒಟ್ಟಿಗೇ ಹಾಳಾಗುತ್ತವೆ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಸಸಾರಜನಕ ಸೋರಿ ನೊರೆ ಕಾಣಿಸುವುದು ಮೂತ್ರಪಿಂಡದ ನಾಳಗಳು ಕೆಟ್ಟಿರುವುದರ ಗುರುತು. ಮಿದುಳಿನ ನಾಳಗಳು ಕೆಟ್ಟರೆ ಹೀಗೆ ಹೊರಗೆ ಕಾಣುವ ಗುರುತೇನೂ ಇಲ್ಲ. ನಡೆನುಡಿಯಲ್ಲಷ್ಟೇ ಅದು ತೋರುತ್ತದೆ. ಮೂತ್ರಪಿಂಡದ ರೋಗಿಗಳಲ್ಲಿ ಪಾರ್ಶ್ವವಾಯು ಹೆಚ್ಚಾಗಿ ಕಾಣುವುದಕ್ಕೂ ಇದು ಒಂದು ಕಾರಣ.

ಎರಡನೆಯ ಕಾರಣ ರಕ್ತದಲ್ಲಿ ಉಳಿಯುವ ಕಲ್ಮಷ. ಸೋಸುವ ಕೆಲಸ ಕುಂದಿದಂತೆಲ್ಲ ಯೂರಿಯಾ ಮೊದಲಾದ ತ್ಯಾಜ್ಯ ಪದಾರ್ಥಗಳು ರಕ್ತದಲ್ಲೇ ನಿಂತು ಮಿದುಳನ್ನು ಮಂಕುಗೊಳಿಸುತ್ತವೆ. ಈ ಮಂಕು ಇಳಿಯಬಲ್ಲದು ಎಂಬುದಕ್ಕೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾದ ಒಂದು ಸಾಕ್ಷಿಯಿದೆ. ನೆದರ್ಲೆಂಡ್ಸ್ ದೇಶದ ಕಾಂಪೆನ್ ಎಂಬ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮರದ ಉರುಳೆಗೆ ಸೆಲೊಫೇನ್ ಕೊಳವೆ ಸುತ್ತಿ ರಕ್ತ ತೊಳೆಯುವ ಯಂತ್ರವನ್ನು ರಚಿಸಿದರು. 1943ರಿಂದ ಚಿಕಿತ್ಸೆ ಪಡೆದ ಮೊದಲ ರೋಗಿಗಳಲ್ಲಿ ಹೆಚ್ಚಿನವರು ಬದುಕಲಿಲ್ಲ. 1945ರಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದ 67 ವರ್ಷದ ಒಬ್ಬ ಹೆಂಗಸಿನ ರಕ್ತವನ್ನು 11 ಗಂಟೆಗಳ ಕಾಲ ಶುದ್ಧಿಮಾಡಿದ ಮೇಲೆ ಆಕೆ ಕಣ್ಣು ತೆರೆದು ಮಾತನಾಡಿದಳು. ಆಕೆಯದು ದಿಢೀರನೆ ಬಂದ ಮೂತ್ರಪಿಂಡ ವೈಫಲ್ಯ. ನಾವು ಹೇಳುತ್ತಿರುವುದು ಮೂರು ತಿಂಗಳಿಗೂ ಮೀರಿ ನಿಂತ ವ್ಯಾಧಿ. ಆದರೂ ರಕ್ತ ಶುದ್ಧವಾದರೆ ಬುದ್ಧಿ ತಿಳಿಯಾಗುತ್ತದೆ ಎಂಬ ಮಾತು ಎರಡಕ್ಕೂ ಸಲ್ಲುತ್ತದೆ. ಬದಲಿ ಮೂತ್ರಪಿಂಡದ ಜೋಡಣೆಯಾದ ಮೇಲೆ ಅನೇಕರ ನೆನಪು, ಚುರುಕು ಸುಧಾರಿಸುವುದನ್ನೂ ವೈದ್ಯರು ಕಂಡಿದ್ದಾರೆ.

ಇಲ್ಲಿ ಮೊದಲು ಕುಂದುವುದು ಹಳೆಯ ನೆನಪಲ್ಲ ಎಂಬುದನ್ನು ಗಮನಿಸಿರಿ. ಮದುವೆಯ ದಿನದ ಸಂಗತಿ, ಜಮೀನಿನ ಎಲ್ಲೆ, ನೆಂಟರ ಹೆಸರು ಇವೆಲ್ಲ ಚೆನ್ನಾಗಿಯೇ ಇರಬಹುದು. ಕುಂದುವುದು ಹೆಚ್ಚಾಗಿ ಮನಸ್ಸಿನ ವೇಗ, ಗಮನವಿಟ್ಟು ಕೇಳುವ ಶಕ್ತಿ, ನಾಲ್ಕು ಕೆಲಸಗಳನ್ನು ಕ್ರಮವಾಗಿ ಯೋಜಿಸುವ ಶಕ್ತಿ. ಆದುದರಿಂದಲೇ ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. ಹತ್ತು ನಿಮಿಷ ಮಾತನಾಡುವ ವೈದ್ಯರಿಗೂ ತಿಳಿಯದೆ ಹೋಗಬಹುದು. ಮೊದಲು ಅರಿಯುವವರು ಜೊತೆಯಲ್ಲಿ ಬಾಳುವವರು. ಪತಿಯಾಗಲಿ ಪತ್ನಿಯಾಗಲಿ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ, ಮಂಕು ಯಾವಾಗ ಆರಂಭವಾಯಿತು, ಯಾವ ಕೆಲಸದಲ್ಲಿ ತಪ್ಪು ಕಾಣುತ್ತಿದೆ, ಆ ದಿನಗಳಲ್ಲಿ ಯಾವ ಹೊಸ ಔಷಧಿ ಸೇರಿತ್ತು ಎಂಬುದನ್ನು ಸಂಕೋಚವಿಲ್ಲದೆ ತಿಳಿಸತಕ್ಕದ್ದು.

ಔಷಧಿಯ ಮಾತನ್ನು ಬೇಕೆಂದೇ ಎತ್ತಿದ್ದೇವೆ. ಆರೋಗ್ಯವಂತರಲ್ಲಿ ಮೂತ್ರದ ಮೂಲಕ ಹೊರಹೋಗುವ ಎಷ್ಟೋ ಔಷಧಿಗಳು ಈ ರೋಗಿಗಳಲ್ಲಿ ಮೈಯಲ್ಲೇ ಉಳಿಯುತ್ತವೆ. ಕಾಲುರಿ ಮತ್ತು ನರಗಳ ನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಸ್ನಾಯುಗಳ ಬಿಗಿತಕ್ಕೆ ಕೊಡುವ ಬ್ಯಾಕ್ಲೊಫೆನ್ ಇಂಥವು. ಇತರರಿಗೆ ಒಗ್ಗುವ ಪ್ರಮಾಣವೇ ಇವರಿಗೆ ವಿಪರೀತ ಮಂಪರು, ತಡವರಿಕೆ, ಭ್ರಮೆ ತರಬಹುದು. ಅಂಗಡಿಯಿಂದ ತಂದ ನೋವಿನ ಮಾತ್ರೆಗಳು ಉಳಿದಿರುವ ಮೂತ್ರಪಿಂಡದ ಶಕ್ತಿಯನ್ನೂ ಕೆಡಿಸುತ್ತವೆ. ಯಾವ ವೈದ್ಯರ ಬಳಿಗೆ ಹೋದರೂ ಮೂತ್ರಪಿಂಡದ ಕಾಯಿಲೆಯಿದೆಯೆಂದು ಮೊದಲು ಹೇಳಿ ಆಮೇಲೆ ಬೇನೆಯನ್ನು ಹೇಳಿರಿ.

ಸಕ್ಕರೆ ಕಾಯಿಲೆಯೂ ಇರುವವರಲ್ಲಿ ಇನ್ನೊಂದು ಅಪಾಯವಿದೆ. ಮೂತ್ರಪಿಂಡ ಸೋತಂತೆ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹಿಂದಿನ ಪ್ರಮಾಣದ ಚುಚ್ಚುಮದ್ದೇ ಈಗ ರಕ್ತದ ಸಕ್ಕರೆಯನ್ನು ಅತಿಯಾಗಿ ಇಳಿಸಬಹುದು. ಬೆವರು, ನಡುಕ, ಕಾರಣವಿಲ್ಲದ ಸಿಟ್ಟು, ಅಸಂಬದ್ಧ ಮಾತು ಕಂಡರೆ ಜಗಳಕ್ಕೆ ನಿಲ್ಲದೆ, ನುಂಗುವಷ್ಟು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕದಡಿ ಕುಡಿಸಿರಿ. ಎಳನೀರನ್ನು ಕೊಡಬೇಡಿರಿ, ಅದರಲ್ಲಿರುವ ಪೊಟ್ಯಾಸಿಯಂ ಈ ರೋಗಿಗಳ ಹೃದಯಕ್ಕೆ ಅಪಾಯಕಾರಿ. ಬಳಿಕ ಅದೇ ದಿನ ವೈದ್ಯರಿಗೆ ತಿಳಿಸಿರಿ.

ಕರಾವಳಿ ಮತ್ತು ಮಲೆನಾಡಿನ ಹಿತ್ತಲುಗಳಲ್ಲಿ ಬೆಳೆಯುವ ದಾರೆಹುಳಿ, ಅಂದರೆ ಐದು ಏಣುಗಳ ಕಮರಾಕ್ಷಿ ಹಣ್ಣು, ಈ ರೋಗಿಗಳಿಗೆ ವಿಷವೆಂದೇ ತಿಳಿಯಬೇಕು. ಆ ಹಣ್ಣಿನಲ್ಲಿ ಮಿದುಳನ್ನು ಕೆರಳಿಸುವ ಒಂದು ಪದಾರ್ಥವಿದೆ. ಅದು ನಿಂತೇ ನಿಲ್ಲದ ಬಿಕ್ಕಳಿಕೆ, ಗೊಂದಲ, ಸೆಳವು, ಕೆಲವೊಮ್ಮೆ ಸಾವನ್ನೂ ತರಬಲ್ಲದು. ಉಪ್ಪಿನಕಾಯಿಯಾಗಲಿ ಪಾನಕವಾಗಲಿ ಬೇಡ.

ರಕ್ತಹೀನತೆಯೂ ಮಂಕಿಗೆ ಕಾರಣವಾಗುತ್ತದೆ. ರಕ್ತ ಉತ್ಪತ್ತಿಗೆ ಪ್ರೇರಣೆ ಕೊಡುವ ಎರಿತ್ರೊಪೊಯಟಿನ್ ಎಂಬ ರಸವನ್ನು ಮೂತ್ರಪಿಂಡವೇ ತಯಾರಿಸುವುದರಿಂದ, ಸೊಪ್ಪು ಬೆಲ್ಲಗಳಿಂದ ಮಾತ್ರ ಈ ರಕ್ತಹೀನತೆ ನೀಗದು. ಅದಕ್ಕೆ ಬೇರೆ ಚುಚ್ಚುಮದ್ದು ಇದೆ. ನಿದ್ರೆಗೇಡು ಮತ್ತು ಮನಸ್ಸಿನ ಕುಗ್ಗುವಿಕೆಗಳು ಕೂಡ ಹೊರಗೆ ಮರೆವಿನಂತೆಯೇ ತೋರುತ್ತವೆ. ಇವಕ್ಕೂ ಚಿಕಿತ್ಸೆಯುಂಟು.

ಡಯಾಲಿಸಿಸ್ ಆರಂಭವಾದ ಮನೆಗಳಲ್ಲಿ ದಿನಚರಿಯೇ ಬದಲಾಗುತ್ತದೆ. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿಸಲ ಸುಮಾರು 4 ಗಂಟೆ. ರಕ್ತ ತೊಳೆಯುವ ಹೊತ್ತಿನಲ್ಲಿ ಗಮನಶಕ್ತಿ ತೀರ ಇಳಿದಿರುತ್ತದೆ. ಮರುದಿನ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಬ್ಯಾಂಕಿನ ಕೆಲಸ, ಪಹಣಿ, ಸಾಲಪತ್ರ, ಮಗಳ ಮದುವೆಯ ಮಾತುಕತೆ ಇವನ್ನು ಮರುದಿನಕ್ಕೆ ಇಟ್ಟುಕೊಳ್ಳಿರಿ. ಡಯಾಲಿಸಿಸ್ ಮುಗಿಸಿ ಬಳಲಿ ಬಂದವರ ಕೈಯಿಂದ ಹೆಬ್ಬೆಟ್ಟೊತ್ತಿಸಿಕೊಳ್ಳುವುದು ಬಂಧುಗಳಿಗೂ ತರವಲ್ಲ. ವೈದ್ಯರು ಯಂತ್ರದ ಬಳಿ ಹೇಳಿದ ಸೂಚನೆಯನ್ನು ಜೊತೆಗಾರರು ಚೀಟಿಯಲ್ಲಿ ಬರೆಸಿಕೊಂಡು ಬರಬೇಕು. ದೂರವೆಂದೋ ಬಿತ್ತನೆಯ ಕಾಲವೆಂದೋ ಒಂದು ಸರದಿ ತಪ್ಪಿಸಿದರೆ ಮಂಕು ಹೆಚ್ಚುತ್ತದೆ. ಮಂಕು ಹೆಚ್ಚಿದವರು ಮುಂದಿನ ಸರದಿಯನ್ನು ತಾವೇ ಮರೆಯುತ್ತಾರೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡ ಕುಟುಂಬಗಳಿಗೆ ಈ ಚಿಕಿತ್ಸೆ ಉಚಿತ. ವಿವರಗಳನ್ನು ಆಶಾ ಕಾರ್ಯಕರ್ತೆಯರಿಂದ ತಿಳಿಯಬಹುದು.

ಮನೆಯಲ್ಲಿ ಮಾಡಬೇಕಾದುದು ಹೆಚ್ಚಿಲ್ಲ, ಆದರೆ ದಿನವೂ ಮಾಡಬೇಕು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಮಾತ್ರೆಗಳನ್ನು ಮೂರು ಬೇರೆ ಡಬ್ಬಿಗಳಲ್ಲಿ ಇಟ್ಟು ಗಂಡ ಹೆಂಡಿರಿಬ್ಬರೂ ನೋಡಿಕೊಳ್ಳಿರಿ. ಓದು ಬಾರದವರು ಡಬ್ಬಿಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಬಹುದು. ಮಾತನ್ನು ಒಂದೊಂದಾಗಿ, ನಿಧಾನವಾಗಿ ಹೇಳಿರಿ. ಮಕ್ಕಳ ಮುಂದೆ ಹೀಯಾಳಿಸುವುದು ಬೇಡ. ಹಾಗೆಂದು ಎಲ್ಲ ಕೆಲಸವನ್ನೂ ಕಿತ್ತುಕೊಂಡು ಮೂಲೆಯಲ್ಲಿ ಕೂರಿಸುವುದೂ ಸರಿಯಲ್ಲ. ದಿನವೂ ಸ್ವಲ್ಪ ನಡಿಗೆ, ಹರಟೆ, ಭಜನೆ, ಚೌಕಾಬಾರದ ಆಟ ಇವು ಇರಲಿ.

ರಕ್ತದೊತ್ತಡವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ನೋಡಿಸಿರಿ. ಒಬ್ಬರಿಗೆ ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು, ಎಂದರೆ ಒಂದು ಸಣ್ಣ ಚಮಚ, ಮೀರಬಾರದು. ಹಪ್ಪಳ, ಉಪ್ಪಿನಕಾಯಿಗಳ ಉಪ್ಪೂ ಈ ಲೆಕ್ಕದಲ್ಲೇ ಸೇರಿದೆ. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಬೆರೆತಿರುವುದರಿಂದ ಅದನ್ನು ಈ ರೋಗಿಗಳಿಗೆ ಬಳಸಕೂಡದು. ಬೀಡಿ, ಹೊಗೆಸೊಪ್ಪು ಸಂಪೂರ್ಣ ನಿಲ್ಲಲಿ.

ಹಗಲು ನಿದ್ರೆ, ರಾತ್ರಿ ಎಚ್ಚರ ಎಂಬಂತೆ ದಿನಕ್ರಮ ತಿರುವುಮುರುವಾದರೆ, ಚಾಚಿದ ಕೈಗಳ ಅಂಗೈ ಹಕ್ಕಿಯ ರೆಕ್ಕೆಯಂತೆ ಬಡಿಯತೊಡಗಿದರೆ, ವಾಂತಿಯೊಡನೆ ಮಂಪರು ಕವಿದರೆ, ಸೆಳವು ಬಂದರೆ, ಬಾಯಿ ಸೊಟ್ಟಗಾಗಿ ಒಂದು ಬದಿಯ ಕೈಕಾಲು ಸೋತರೆ ಬೆಳಗಾಗುವ ತನಕ ಕಾಯದೆ 108ಕ್ಕೆ ಕರೆ ಮಾಡಿರಿ. ಹೊರಡುವಾಗ ಹಳೆಯ ಚೀಟಿಗಳೊಡನೆ, ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ, ನಾಟಿ ಔಷಧಿಯೂ ಸೇರಿದಂತೆ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿರಿ.