ಒಂದು ಬೆಳೆ ಹುಳುವಿನಷ್ಟು ಹೊತ್ತು

ನಮ್ಮ ಕನಕಪುರದ ಕಡೆ ಹುಳು ಸಾಕುವ ಮನೆಗಳಲ್ಲಿ ನಾಲ್ಕನೇ ಜ್ವರ ಎದ್ದ ಮೇಲೆ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಜ್ವರ ಅಂದರೆ ಕಾಯಿಲೆಯಲ್ಲ; ರೇಷ್ಮೆ ಹುಳು ಮೇವು ಬಿಟ್ಟು, ಅಲ್ಲಾಡದೆ ಕೂತು, ಪೊರೆ ಕಳಚುವ ಹೊತ್ತು. ನಾಲ್ಕನೆಯದೂ ಕಳೆಯಿತೆಂದರೆ ಹುಳುವಿಗೆ ಎಲ್ಲಿಲ್ಲದ ಹಸಿವು. ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಏರುವವರೆಗೆ ಬೆಳಗಿನ ಜಾವವೇ ಎದ್ದು ಹಿಪ್ಪುನೇರಳೆ ಸೊಪ್ಪು ಹಾಕಬೇಕು. ನಾನು ರಾಹುಲ್ ದ್ರಾವಿಡ್ ಆಟವನ್ನು ಹೆಚ್ಚಾಗಿ ನೋಡಿದ್ದು ಆ ಜಾವಗಳಲ್ಲೇ. ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಇದ್ದರೆ ನಮಗಿನ್ನೂ ಕತ್ತಲಿರುವಾಗಲೇ ಆಟ ಶುರು. ಅಪ್ಪ ಟಿ.ವಿ.ಯನ್ನು ಹುಳುಮನೆಯ ಬಾಗಿಲಿಗೆ ಎದುರಾಗಿ ತಿರುಗಿಸಿಡುತ್ತಿದ್ದರು. ತಟ್ಟೆಗೆ ಸೊಪ್ಪು ಹರಡುತ್ತಾ, ಕತ್ತು ತಿರುಗಿಸಿ ಸ್ಕೋರು ನೋಡುತ್ತಾ ಬೆಳಕು ಹರಿಯುತ್ತಿತ್ತು.

1996ರ ಜೂನ್‌ನಲ್ಲಿ ಅವರು ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ನನಗೆ ಹನ್ನೊಂದು ವರ್ಷ. 95 ರನ್ ಮಾಡಿ ಔಟಾದರು. ಅದೇ ಪಂದ್ಯದಲ್ಲಿ ಸೌರವ್ ಗಂಗೂಲಿ 131 ಹೊಡೆದಿದ್ದರಿಂದ ಎಲ್ಲರ ಬಾಯಲ್ಲೂ ಅವರ ಹೆಸರೇ. ಐದು ರನ್ನಿಗೆ ಶತಕ ತಪ್ಪಿಸಿಕೊಂಡವನ ಮೇಲೆ ನನಗೆ ಪ್ರೀತಿ ಹುಟ್ಟಿತು. ನಮ್ಮಣ್ಣ ತೆಂಗಿನ ಮಟ್ಟೆಯ ಬ್ಯಾಟು ಹಿಡಿದು ಸಚಿನ್ ಆಗುತ್ತಿದ್ದ. ನಾನು ಚೆಂಡು ತಡೆದು ನಿಲ್ಲಿಸುತ್ತಿದ್ದೆ, ಔಟಾಗುತ್ತಲೇ ಇರಲಿಲ್ಲ. ಅವನಿಗೆ ಅದೇ ಕೋಪ.

2003ರ ಡಿಸೆಂಬರಿನ ಅಡಿಲೇಡ್ ಟೆಸ್ಟ್ ನಮ್ಮ ಮನೆಯಲ್ಲಿ ಹಬ್ಬದ ಹಾಗೆ ನಡೆಯಿತು. ಆಸ್ಟ್ರೇಲಿಯಾ ಮೊದಲ ಇನಿಂಗ್ಸ್‌ನಲ್ಲಿ 556 ಹೊಡೆದಿತ್ತು. ದ್ರಾವಿಡ್ 233, ಲಕ್ಷ್ಮಣ್ 148. ಕೊನೆಯ ದಿನ, ಡಿಸೆಂಬರ್ 16ರಂದು, 230ರ ಗುರಿ ಬೆನ್ನಟ್ಟುವಾಗ ದ್ರಾವಿಡ್ ಔಟಾಗದೆ 72. ಗೆಲುವಿನ ಬೌಂಡರಿ ಹೊಡೆದವರೂ ಅವರೇ. ಅಮ್ಮನಿಗೆ ಕ್ರಿಕೆಟ್ ಗೊತ್ತಿಲ್ಲ. ಆದರೂ ಆವತ್ತು ಸೊಪ್ಪಿನ ಬುಟ್ಟಿ ಕೆಳಗಿಟ್ಟು ಕೂತುಬಿಟ್ಟಿದ್ದಳು.

ಇನ್ನೊಂದು ಬೆಳಗ್ಗೆ ನನಗೆ ಅದಕ್ಕಿಂತ ಹತ್ತಿರದ್ದು. 2008ರ ಜನವರಿ, ಸಿಡ್ನಿ. ದ್ರಾವಿಡ್ 18 ರನ್ನಿಗೆ ಬಂದು ನಿಂತುಬಿಟ್ಟರು. ನಲವತ್ತು ಎಸೆತ, ಒಂದು ರನ್ನಿಲ್ಲ. ಕೊನೆಗೂ ಒಂದು ರನ್ ಓಡಿದಾಗ ಮೈದಾನವೆಲ್ಲ ಚಪ್ಪಾಳೆ ತಟ್ಟಿತು; ಅವರು ಬ್ಯಾಟ್ ಎತ್ತಿ ಅದನ್ನು ಒಪ್ಪಿಕೊಂಡರು. ಅಣ್ಣ ರೇಗುತ್ತಿದ್ದ. ಅಪ್ಪ ಮಾತ್ರ, "ಜ್ವರಕ್ಕೆ ಕೂತವ್ನೆ ಕಣ್ಲಾ. ಎದ್ದಾಗ ನೋಡು" ಅಂದರು. ಆ ಇನಿಂಗ್ಸ್ 53ರಲ್ಲಿ ಮುಗಿಯಿತು. ದ್ರಾವಿಡ್ ಬಗ್ಗೆ ಎಷ್ಟೋ ಓದಿದ್ದೇನೆ, ಅಪ್ಪನ ಈ ಮಾತಿನಷ್ಟು ಸರಿಯಾದದ್ದು ಕಂಡಿಲ್ಲ.

2011ರಲ್ಲಿ ಇಂಗ್ಲೆಂಡಿನಲ್ಲಿ ನಾಲ್ಕಕ್ಕೆ ನಾಲ್ಕೂ ಟೆಸ್ಟ್ ಸೋತೆವು. ಆ ಸೋಲಿನ ನಡುವೆ ದ್ರಾವಿಡ್ ಮೂರು ಶತಕ ಹೊಡೆದರು. ಹಾಗಾಗಿ ಇನ್ನೂ ಎರಡು ವರ್ಷಕ್ಕೆ ಮೋಸವಿಲ್ಲ ಎಂದು ನಾವೆಲ್ಲ ಧೈರ್ಯದಿಂದಿದ್ದೆವು.

2012ರ ಜನವರಿ ಹೊತ್ತಿಗೆ ನಾನು ಮಾಗಡಿ ಕಡೆಯ ಸೊಸೆ. ಅಲ್ಲೂ ಹುಳುವಿನ ಮನೆಯೇ. ಭಾರತ ಮತ್ತೆ ಅಡಿಲೇಡ್‌ನಲ್ಲಿ ಆಡುತ್ತಿತ್ತು. 27ರಂದು ನಾನು ಹಣ್ಣು ಹುಳು ಆಯುತ್ತಿದ್ದೆ. ಬೆಳ್ಳಗೆ ಪಾರದರ್ಶಕವಾದ ಹುಳುಗಳನ್ನು ಒಂದೊಂದಾಗಿ ಹೆಕ್ಕಿ ಚಂದ್ರಿಕೆಗೆ ಬಿಡುವ ಕೆಲಸ ಅದು, ನಿಲ್ಲಿಸಿ ಎದ್ದು ಹೋಗುವ ಹಾಗಿಲ್ಲ. ಒಳಗಿಂದ ಯಜಮಾನರು ಕೂಗಿದರು, "ದ್ರಾವಿಡ್ ಔಟು ಕಣೇ, ಇಪ್ಪತ್ತೈದು." ನಾನು ತಲೆಯೆತ್ತದೆ, "ಮುಂದಿನ ಮ್ಯಾಚಲ್ಲಿ ಹೊಡೀತಾನೆ ಬಿಡಿ" ಅಂದೆ.

ಮುಂದಿನ ಟೆಸ್ಟ್ ಅವರಿಗೆ ಇರಲಿಲ್ಲ. ಮಾರ್ಚ್ 9, ಶುಕ್ರವಾರ, ಮರುಬೆಳೆಯ ಗೂಡು ಹಾಕಿಕೊಂಡು ನಾವು ರಾಮನಗರದ ಮಾರುಕಟ್ಟೆಯಲ್ಲಿದ್ದೆವು. ಹರಾಜಿನ ಗದ್ದಲದಲ್ಲಿ ನೂಲು ತೆಗೆಯುವ ರೀಲರೊಬ್ಬರು ಗೂಡು ಹಿಚುಕಿ ನೋಡುತ್ತಲೇ ದ್ರಾವಿಡ್ ನಿವೃತ್ತಿಯ ಸುದ್ದಿ ಹೇಳಿದರು. ಎದುರಿನ ಟೀ ಅಂಗಡಿಯ ಟಿ.ವಿ.ಯಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣ ಕಾಣುತ್ತಿತ್ತು. ಮೈದಾನವಲ್ಲ, ಒಳಗಿನ ಪತ್ರಿಕಾಗೋಷ್ಠಿ. ದ್ರಾವಿಡ್ ಸೂಟು ತೊಟ್ಟಿದ್ದರು, ಜೊತೆಗೆ ಅನಿಲ್ ಕುಂಬ್ಳೆ ಇದ್ದರು. ನಮ್ಮ ಲಾಟಿಗೆ ಆವತ್ತು ಎಷ್ಟು ರೇಟು ಬಂತೋ ನೆನಪಿಲ್ಲ.

ಆಮೇಲೆ ಬಹಳ ದಿನ ನನ್ನನ್ನು ಕಾಡಿದ್ದು ಜನವರಿಯ ಆ ಬೆಳಗ್ಗೆ. ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವಾಗ ಬಾಗಿಲವರೆಗೆ ಬಂದು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಲ್ಲುತ್ತೇವೆ. ಅಷ್ಟಾದರೂ ನಿಲ್ಲಲು ಬಿಡಬೇಕಿತ್ತು. ಕುಂಬ್ಳೆ 2008ರ ನವೆಂಬರ್ 2ರಂದು ದೆಹಲಿಯಲ್ಲಿ ಬೆರಳಿಗೆ ಹೊಲಿಗೆ ಹಾಕಿಸಿಕೊಂಡೇ ವಿದಾಯ ಹೇಳಿದರು. ಜೊತೆಯವರು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದರು. 2013ರಲ್ಲಿ ಸಚಿನ್‌ಗೆ ಇಡೀ ವಾಂಖೆಡೆ ಎದ್ದು ನಿಂತಿತು. ಆ ಅಭಿಮಾನಿಗಳು ಅತ್ತರು, ಆದರೆ ಇದೇ ಕೊನೆ ಎಂದು ಗೊತ್ತಿದ್ದು ಅತ್ತರು. ನಮ್ಮದು ಹಾಗಲ್ಲ. ಕಣ್ಣೆದುರೇ ಕೊನೆಯ ಆಟ ಮುಗಿದಿತ್ತು, ನಾವು ಕೆಲಸದಲ್ಲಿದ್ದೆವು.

ಸಮಾಧಾನ ಸಿಕ್ಕಿದ್ದು ಒಂದು ಲೆಕ್ಕದಿಂದ. 164 ಟೆಸ್ಟ್, 13,288 ರನ್, 36 ಶತಕ, 210 ಕ್ಯಾಚ್ ಎಲ್ಲರಿಗೂ ಬಾಯಿಪಾಠ. 31,258 ಎಸೆತ ಎದುರಿಸಿದ್ದಾರೆ. ಟೆಸ್ಟ್‌ನಲ್ಲಿ ಬೇರೆ ಯಾರೂ ಅಷ್ಟು ಎದುರಿಸಿಲ್ಲ. ಕ್ರೀಸಿನಲ್ಲಿ ಅವರು ನಿಂತ ಹೊತ್ತನ್ನೂ ಕೂಡಿಸಿಟ್ಟಿದ್ದಾರೆ: 735 ಗಂಟೆ, 52 ನಿಮಿಷ. ಇದನ್ನು ಓದಿದ ರಾತ್ರಿ ಕ್ಯಾಲೆಂಡರಿನ ಹಿಂದೆ ಇಪ್ಪತ್ನಾಲ್ಕರಿಂದ ಭಾಗಿಸಿದೆ. ಮೂವತ್ತು ದಿನ, ಮೇಲೆ ಹದಿನೈದು ಹದಿನಾರು ಗಂಟೆ. ಮರಿಹುಳುವಿನ ಚಾಕಿಯಿಂದ ಹಿಡಿದು ನಾಲ್ಕು ಜ್ವರ ಕಳೆದು, ಹಣ್ಣಾಗಿ, ಗೂಡು ಬಿಡಿಸುವವರೆಗೆ ನಮಗೆ ಒಂದು ಬೆಳೆಗೆ ಹಿಡಿಯುವುದು ಹೆಚ್ಚುಕಡಿಮೆ ಅಷ್ಟೇ ದಿನ. ಹಗಲೂ ರಾತ್ರಿ ಕೂಡಿಸಿ ಒಂದು ಬೆಳೆಯಷ್ಟು ಹೊತ್ತು ಒಬ್ಬ ಮನುಷ್ಯ ಬ್ಯಾಟ್ ಹಿಡಿದು ನಿಂತಿದ್ದ! ಅದರಲ್ಲಿ ನಾನು ನೋಡದೆ ಬಿಟ್ಟದ್ದು ಎಷ್ಟು? ನೋಡಿದ್ದೇ ಬೇಕಾದಷ್ಟಿತ್ತು.

ಹಣ್ಣಾದ ಹುಳುವನ್ನು ಸೊಪ್ಪಿನಲ್ಲೇ ಬಿಟ್ಟರೆ ಅದು ಅಲ್ಲೇ ನೂಲು ಬಿಟ್ಟು ಗೂಡು ಕೆಡಿಸಿಕೊಳ್ಳುತ್ತದೆ. ಆ ಹೊತ್ತನ್ನು ಗುರುತಿಸುವುದೇ ಕಸುಬು. ಆಸ್ಟ್ರೇಲಿಯಾದ ಆ ಕೊನೆಯ ಸರಣಿಯ ಎಂಟು ಇನಿಂಗ್ಸ್‌ಗಳಲ್ಲಿ ಆರು ಸಲ ಬೌಲ್ಡ್ ಆಗಿದ್ದ ದ್ರಾವಿಡ್‌ಗೆ ತಮ್ಮ ಹೊತ್ತು ಗೊತ್ತಾಗಿತ್ತು. ಅದೇ ವರ್ಷ ಬೆಂಗಳೂರಿನಲ್ಲೇ ಟೆಸ್ಟ್ ಇತ್ತು, ನ್ಯೂಜಿಲೆಂಡ್ ವಿರುದ್ಧ. ಆರು ತಿಂಗಳು ಕಾದಿದ್ದರೆ ಊರ ಜನರ ಮುಂದೆ ಆಡಿ ಮುಗಿಸಬಹುದಿತ್ತು. ಆ ಜಾಗ ಹೊಸ ಹುಡುಗರಿಗೆ ಸೇರಬೇಕೆಂದು ಅವರು ಕಾಯಲಿಲ್ಲ. ಅವರು ಮಾಡಿದ್ದೇ ಸರಿ ಎಂದು ನಾನು ಈಗ ಹೇಳಬಲ್ಲೆ. ಆಗ ಹೇಳಲಾಗುತ್ತಿರಲಿಲ್ಲ.

ಆ ಟೆಸ್ಟ್‌ನ ಎರಡನೇ ದಿನ, ಸೆಪ್ಟೆಂಬರ್ 1ರ ಶನಿವಾರ, ಅಣ್ಣ ನನ್ನನ್ನು ರಾಮನಗರದಿಂದ ರೈಲಿನಲ್ಲಿ ಕರೆದುಕೊಂಡು ಹೋಗಿದ್ದ. ನಾನು ಚಿನ್ನಸ್ವಾಮಿ ಕ್ರೀಡಾಂಗಣದ ಒಳಗೆ ಕಾಲಿಟ್ಟದ್ದು ಅದೇ ಮೊದಲು. ನ್ಯೂಜಿಲೆಂಡ್ ಆಲೌಟ್ ಆಗಿ ನಮ್ಮವರ ಬ್ಯಾಟಿಂಗ್ ಶುರುವಾಯಿತು. ಗೌತಮ್ ಗಂಭೀರ್ ಬೇಗನೆ ಔಟಾದರು. ಅಣ್ಣನೂ ನಾನೂ ಒಟ್ಟಿಗೇ ಪೆವಿಲಿಯನ್ ಕಡೆ ತಿರುಗಿದೆವು. ಮೂರನೇ ಕ್ರಮಾಂಕದಲ್ಲಿ ಚೇತೇಶ್ವರ ಪೂಜಾರ ಇಳಿದು ಬಂದರು.